ಅಂಗಳದ ಹುಲ್ಲುಹಾಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಂಗಳದ ಹುಲ್ಲುಹಾಸಿನ ಬಗ್ಗೆ ಪ್ರಶ್ನೆಗಳಿದ್ದರೆ ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೋರಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ದೂರುಗಳೇ ಆಗಿದ್ದವು. ಆದರೆ ಹುಲ್ಲನ್ನು ಕಿತ್ತು ಟೈಲ್ಸ್ ಹಾಕಿಸಿಬಿಡುತ್ತೇನೆ ಎಂದು ಬರೆದವರು ಒಬ್ಬರೂ ಇಲ್ಲ. ಬೆಳಗಿನ ಇಬ್ಬನಿಯಲ್ಲಿ ಬರಿಗಾಲಿನಲ್ಲಿ ನಡೆದ ರುಚಿ ಹತ್ತಿದವರು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೈಸೂರಿನ ನಮ್ಮ ಮನೆಯ ಮುಂದೆಯೂ ಹನ್ನೆರಡು ಅಡಿಗೆ ಹದಿನೈದು ಅಡಿಯ ಒಂದು ತುಂಡು ಹುಲ್ಲುಹಾಸು ಬಹಳ ವರ್ಷಗಳಿಂದ ಇದೆ. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಆ ತುಂಡು ನೆಲದಲ್ಲಿ ನಾನೇ ತಪ್ಪು ಮಾಡಿ ಕಲಿತದ್ದು.

ಪ್ರಶ್ನೆ: ಮೂರು ವರ್ಷಗಳ ಹಿಂದೆ ‘ಮೆಕ್ಸಿಕನ್’ ಹುಲ್ಲು ಹಾಕಿಸಿದೆವು. ಮೊದಲು ರತ್ನಗಂಬಳಿಯಂತಿತ್ತು. ಈಗ ಅಲ್ಲಲ್ಲಿ ದಿಬ್ಬದಂತೆ ಉಬ್ಬಿದೆ. ಮಟ್ಟಸ ಮಾಡಲು ಕತ್ತರಿಸಿದರೆ ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತು. ಇದು ರೋಗವೇ? (ಬೆಂಗಳೂರು)

ರೋಗವಲ್ಲ. ನರ್ಸರಿಗಳಲ್ಲಿ ಮೆಕ್ಸಿಕನ್, ಕೊರಿಯನ್ ಎಂಬ ಹೆಸರುಗಳಲ್ಲಿ ಸಿಗುವ ಹುಲ್ಲುಗಳು ಜಾಯ್ಸಿಯಾ ಎಂಬ ಒಂದೇ ಕುಲಕ್ಕೆ ಸೇರಿದವು. ಇವು ನಿಧಾನವಾಗಿ, ಆದರೆ ಬಹಳ ಒತ್ತಾಗಿ ಬೆಳೆಯುತ್ತವೆ. ನಿಧಾನವಾಗಿ ಬೆಳೆಯುತ್ತದೆಯಲ್ಲ ಎಂದು ತಿಂಗಳುಗಟ್ಟಲೆ ಕತ್ತರಿಸದೆ ಬಿಟ್ಟರೆ ಹೊಸ ಕಾಂಡ ಹಳೆಯ ಕಾಂಡದ ಮೇಲೇರಿ ನೆಲ ಉಬ್ಬುತ್ತದೆ. ಒಂದು ದಿಬ್ಬವನ್ನು ಎರಡೂ ಕೈಗಳಿಂದ ಬಿಡಿಸಿ ನೋಡಿ: ಮೇಲೆ ಒಂದು ಬೆರಳಿನಷ್ಟು ದಪ್ಪ ಮಾತ್ರ ಹಸಿರು, ಅದರ ಕೆಳಗೆ ಬಿಸಿಲನ್ನೇ ಕಾಣದ ಕಂದು ಕಾಂಡ ಮತ್ತು ಒಣಗಿದ ಬೇರುಗಳ ಒಂದು ಮೆತ್ತೆ. ನೀವು ಕತ್ತರಿಸಿದಾಗ ಹೋದದ್ದು ಹಸಿರಿನ ಪದರ, ಉಳಿದದ್ದು ಆ ಮೆತ್ತೆ. ಎಲೆಯೆಲ್ಲ ಹೋದ ಗಿಡ ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಮತ್ತೆ ಚಿಗುರಬೇಕಾಗುತ್ತದೆ. ಒಂದೂವರೆ-ಎರಡು ತಿಂಗಳಾದರೂ ಕಾಯಿರಿ. ಬಹುಮಟ್ಟಿಗೆ ಹಸಿರು ಮರಳುತ್ತದೆ.

ಮುಂದೆ ಹೀಗಾಗದಿರಲು ಪಾಲಿಸಬೇಕಾದ ನಿಯಮ ಒಂದೇ, ಅದು ಎಲ್ಲ ಜಾತಿಯ ಹುಲ್ಲಿಗೂ ಅನ್ವಯಿಸುತ್ತದೆ: ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮೂರು ಇಂಚು ಬೆಳೆದಿದ್ದರೆ ಎರಡು ಇಂಚು ಉಳಿಸಿ. ಈಗಿರುವ ದಿಬ್ಬಗಳನ್ನು ಇಳಿಸುವ ಕೆಲಸವನ್ನು ಬೇಸಿಗೆಯಲ್ಲಿ ಮಾಡಬೇಡಿ; ಹುಲ್ಲು ಹುರುಪಿನಿಂದ ಬೆಳೆಯುವ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಹತ್ತು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಬನ್ನಿ. ನಡುವೆ ಒಮ್ಮೆ ಕಬ್ಬಿಣದ ಫೋರ್ಕಿನಿಂದ ನೆಲವನ್ನು ಅಂಗೈ ಅಂತರದಲ್ಲಿ ಚುಚ್ಚಿ, ಜರಡಿ ಹಿಡಿದ ಮರಳು ಮತ್ತು ಎರೆಗೊಬ್ಬರವನ್ನು ಬೆರೆಸಿ, ಹುಲ್ಲಿನ ತುದಿ ಮುಚ್ಚಿಹೋಗದಷ್ಟು ತೆಳುವಾಗಿ ಹರಡಿ, ಕಡ್ಡಿ ಪೊರಕೆಯಿಂದ ಒಳಗಿಳಿಸಿ.

ಇನ್ನೊಂದು ಮಾತು. ಕತ್ತರಿಸಿದ ಎರಡು ದಿನಗಳ ನಂತರ ಹುಲ್ಲಿನ ಮೇಲೆ ಬಿಳಿಚಿದ ಛಾಯೆ ಕಂಡರೆ ಒಂದು ಎಲೆಯನ್ನು ಕಿತ್ತು ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಅಂಚು ನೇರವಾಗಿದ್ದರೆ ಬ್ಲೇಡು ಹರಿತವಾಗಿದೆ. ಹರಿದ ಬಟ್ಟೆಯಂತೆ ಬಿಳಿಯ ನಾರುಗಳು ಎದ್ದಿದ್ದರೆ ಯಂತ್ರ ಹುಲ್ಲನ್ನು ಕತ್ತರಿಸಿಲ್ಲ, ಜಗ್ಗಿ ಹರಿದಿದೆ. ಎಷ್ಟೋ ಮನೆಗಳಲ್ಲಿ ಇದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವುದನ್ನು ಕಂಡು ಬೇಸರಪಟ್ಟಿದ್ದೇನೆ. ಸಾಣೆ ಹಿಡಿಸಿದರೆ ಸಾಕು.

ಪ್ರಶ್ನೆ: ನಮ್ಮದು 400 ಚದರ ಅಡಿಯ ಹುಲ್ಲುಹಾಸು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ತರಿಸುತ್ತೇವೆ. ಹುಲ್ಲಿಗೆ ನೀರು ಬಿಡುವಾಗ ಮನಸ್ಸಿಗೆ ಹಿಂಸೆಯಾಗುತ್ತದೆ. ಉಳಿಸಬೇಕೋ, ತೆಗೆಯಬೇಕೋ? (ಬೆಂಗಳೂರು, ವೈಟ್‌ಫೀಲ್ಡ್ ಕಡೆಯಿಂದ)

ನಿಮ್ಮ ಹಿಂಸೆ ನ್ಯಾಯವಾದದ್ದು, ಆದ್ದರಿಂದ ಮೊದಲು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಲೀಟರ್. 400 ಚದರ ಅಡಿ ಎಂದರೆ ಸುಮಾರು 37 ಚದರ ಮೀಟರ್. ಏಪ್ರಿಲ್ ಬಿಸಿಲಿನಲ್ಲಿ ಹಚ್ಚಗಿರಲು ದಿನಕ್ಕೆ ನಾಲ್ಕು ಮಿಲಿಮೀಟರ್ ಬೇಕೆಂದರೂ ಸುಮಾರು 150 ಲೀಟರ್, ತಿಂಗಳಿಗೆ ನಾಲ್ಕೂವರೆ ಸಾವಿರ ಲೀಟರ್. 2024ರ ಮಾರ್ಚ್‌ನಲ್ಲಿ ನಗರದ ನೀರಿನ ಬವಣೆ ಮಿತಿಮೀರಿದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶ ಹೊರಡಿಸಿತ್ತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ಮೇಲೇರಿಸಿ ತಂದ ಕಾವೇರಿ ನೀರನ್ನು ಹುಲ್ಲಿಗೆ ಹರಿಸುವುದು ತಪ್ಪೆಂದೇ ನಾನೂ ನಂಬಿದ್ದೇನೆ.

ಆದರೆ ಹುಲ್ಲನ್ನು ತೆಗೆಯಬೇಕಾಗಿಲ್ಲ. ಹುಲ್ಲು ಒಣಗುವುದಕ್ಕೂ ಸಾಯುವುದಕ್ಕೂ ವ್ಯತ್ಯಾಸವಿದೆ. ನಮ್ಮ ಗರಿಕೆಯನ್ನೇ ನೋಡಿ: ಬೇಸಿಗೆಯ ಹೊಲದ ಬದುವಿನಲ್ಲಿ ಬೂದಿಯಂತೆ ಬಿದ್ದಿದ್ದು, ಒಂದು ಮಳೆ ಬಿದ್ದ ವಾರದೊಳಗೆ ಗೆಣ್ಣುಗೆಣ್ಣಿನಿಂದ ಚಿಗುರುತ್ತದೆ. ನಿಮ್ಮದು ಗರಿಕೆಯ ಜಾತಿಯಾಗಿದ್ದರೆ, ಅಂದರೆ ನರ್ಸರಿಯವರು ಬರ್ಮುಡಾ ಎಂದೋ ‘ಸೆಲೆಕ್ಷನ್ ಒನ್’ ಎಂದೋ ಕೊಟ್ಟಿದ್ದರೆ, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅದು ಕಂದಾಗಲು ಬಿಡಿ. ಎರಡು-ಮೂರು ವಾರಕ್ಕೊಮ್ಮೆ ಬುಡಕ್ಕೆ ಜೀವ ಉಳಿಯುವಷ್ಟು ನೀರು ಕೊಟ್ಟು, ಆ ದಿನಗಳಲ್ಲಿ ಅದರ ಮೇಲೆ ಓಡಾಡದೆ, ಕತ್ತರಿಸದೆ, ಗೊಬ್ಬರ ಹಾಕದೆ ಇರಿ. ಅತಿಥಿಗಳು ಬಂದಾಗ ಅಂಗಳ ಕಂದಾಗಿದ್ದರೆ ನಾಚಿಕೊಳ್ಳಬೇಕಾಗಿಲ್ಲ. ಆ ಕಾಲದಲ್ಲಿ ಈ ನೆಲದ ನಿಜವಾದ ಬಣ್ಣ ಅದೇ.

400 ಚದರ ಅಡಿಯಲ್ಲಿ ನೀವು ನಿಜವಾಗಿ ಕೂರುವ, ಮಕ್ಕಳು ಹೊರಳಾಡುವ ಜಾಗ ಎಷ್ಟು ಎಂದು ಒಂದು ತಿಂಗಳು ಗಮನಿಸಿ ನೋಡಿ. ಬಹುಶಃ 150 ಚದರ ಅಡಿ ದಾಟಲಾರದು. ಅಷ್ಟನ್ನು ಉಳಿಸಿಕೊಂಡು, ಉಳಿದ ಭಾಗದಲ್ಲಿ ದಾಸವಾಳ, ಕರಿಬೇವು, ನಂದಿಬಟ್ಟಲುಗಳಂಥ ಗಿಡಗಳನ್ನು ನೆಟ್ಟು ಬುಡಕ್ಕೆ ಒಣಗಿದೆಲೆ ಮುಚ್ಚಿಬಿಡಿ. ಇರುವ ನೀರನ್ನು ದಿನಾ ಸಂಜೆ ಪೈಪು ಹಿಡಿದು ಚಿಮುಕಿಸುವ ಬದಲು ವಾರಕ್ಕೆರಡು ಸಲ, ಸೂರ್ಯ ಏರುವ ಮೊದಲು, ನಾಲ್ಕೈದು ಇಂಚು ಆಳಕ್ಕೆ ಇಳಿಯುವಂತೆ ಕೊಡಿ. ದಿನಾ ಮೇಲೆ ಮೇಲೆ ನೀರು ಕಂಡ ಬೇರು ಮೇಲೆಯೇ ಉಳಿಯುತ್ತದೆ. ನೀರು ಬೇಕೆಂದು ಹುಲ್ಲೇ ತಿಳಿಸುತ್ತದೆ: ನೀವು ನಡೆದುಹೋದ ಹೆಜ್ಜೆಯ ಗುರುತು ಹತ್ತು ನಿಮಿಷವಾದರೂ ಮೇಲೇಳದೆ, ಬಣ್ಣ ತುಸು ನೀಲಿಗಟ್ಟಿದರೆ, ಆಗ ಕೊಡಿ. ಬಟ್ಟೆ ಒಗೆದ ಸಾಬೂನು ನೀರನ್ನೂ, ಆರ್‌ಓ ಯಂತ್ರ ಹೊರಚೆಲ್ಲುವ ಉಪ್ಪಿನಂಶದ ನೀರನ್ನೂ ಅದೇ ಜಾಗಕ್ಕೆ ದಿನಾ ಸುರಿಯಬೇಡಿ, ಮಣ್ಣು ಬಿಗಿದುಕೊಳ್ಳುತ್ತದೆ. ಸೊಪ್ಪು-ತರಕಾರಿ, ಅಕ್ಕಿ ತೊಳೆದ ನೀರಿಗೆ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಹುಲ್ಲುಹಾಸಿನ ತುಂಬ ಜೇಕು ಎದ್ದಿದೆ. ಪ್ರತಿ ಭಾನುವಾರ ಕೀಳುತ್ತೇನೆ, ಮುಂದಿನ ಭಾನುವಾರಕ್ಕೆ ಇಮ್ಮಡಿಯಾಗಿರುತ್ತದೆ. (ಮೈಸೂರು)

ನಿಮ್ಮ ಅನುಭವ ನೂರಕ್ಕೆ ನೂರು ನಿಜ, ಏಕೆಂದರೆ ಕೀಳುವುದರಿಂದಲೇ ಅದು ಹೆಚ್ಚುತ್ತದೆ. ಜೇಕು ಅಥವಾ ತುಂಗೆ ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ಹೂಬಿಡುವ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ನೆಲದೊಳಗೆ ತೆಳುವಾದ ದಾರದಿಂದ ಪೋಣಿಸಿದ ಜಪಮಣಿಗಳಂತೆ ಕಪ್ಪು ಗಡ್ಡೆಗಳ ಸರವಿರುತ್ತದೆ. ಎಲೆ ಹಿಡಿದು ಎಳೆದಾಗ ದಾರ ತುಂಡಾಗಿ, ಮಲಗಿದ್ದ ಉಳಿದ ಗಡ್ಡೆಗಳು ಒಂದೊಂದಾಗಿ ಎದ್ದು ಚಿಗುರುತ್ತವೆ. ಕಸ್ತೂರಿಯಂಥ ಪರಿಮಳದ ಈ ಗಡ್ಡೆಗೆ ನಾಟಿ ವೈದ್ಯದಲ್ಲಿ ಒಳ್ಳೆಯ ಹೆಸರಿದೆ, ಆದರೆ ಅಂಗಳದಲ್ಲಿ ಅದರಷ್ಟು ಹಟಮಾರಿ ಕಳೆ ಮತ್ತೊಂದಿಲ್ಲ.

ನಮ್ಮ ಅಂಗಳಕ್ಕೆ ಅದು ಬಂದದ್ದು ಒಂದು ಲೋಡು ಕೆಂಪು ಮಣ್ಣಿನ ಜೊತೆ. ಮಣ್ಣು ತಂದವರನ್ನು ದೂರಿ ಫಲವಿರಲಿಲ್ಲ. ಸುರಿಸಿಕೊಂಡ ಮಾರನೆಯ ದಿನವೇ ಹುಲ್ಲು ನೆಟ್ಟ ಆತುರ ನನ್ನದು. ಮಣ್ಣು ಹರಡಿ, ನೀರು ಕೊಟ್ಟು, ಎದ್ದ ಕಳೆಯನ್ನು ಗುದ್ದಲಿಯಿಂದ ಗಡ್ಡೆಸಮೇತ ಅಗೆದು ತೆಗೆದು, ಮತ್ತೆ ನೀರು ಕೊಟ್ಟು ಕಾಯುವ ಕೆಲಸವನ್ನು ಮೂರು-ನಾಲ್ಕು ಸಲ ಮಾಡಿದ ಮೇಲೆಯೇ ಹುಲ್ಲು ನೆಡಬೇಕಿತ್ತು.

ಈಗಿರುವ ಜೇಕಿಗೆ ಎರಡು ದಾರಿಗಳಿವೆ. ಜಾಗ ಚಿಕ್ಕದಾದರೆ, ಮಳೆ ಬಿದ್ದು ಮಣ್ಣು ಮೆತ್ತಗಾದ ದಿನ ಉದ್ದನೆಯ ಸ್ಕ್ರೂಡ್ರೈವರನ್ನು ಬುಡದ ಪಕ್ಕಕ್ಕೆ ಇಳಿಸಿ, ಸಡಿಲಿಸಿ, ಗಡ್ಡೆಯ ಸಮೇತ ಎತ್ತಿ. ಎತ್ತಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಐದಾರು ಎಲೆ ಬರುವ ಮೊದಲೇ, ಅಂದರೆ ಹೊಸ ಗಡ್ಡೆ ಕಟ್ಟುವ ಮೊದಲೇ, ತಪ್ಪದೆ ಎತ್ತುತ್ತ ಹೋದರೆ ಎರಡು ಮಳೆಗಾಲಗಳಲ್ಲಿ ಅದು ಸೋಲುತ್ತದೆ. ದೊಡ್ಡ ಜಾಗವಾದರೆ ಹ್ಯಾಲೋಸಲ್ಫ್ಯುರಾನ್ ಮಿಥೈಲ್ ಎಂಬ ಕಳೆನಾಶಕವಿದೆ. ನಮ್ಮಲ್ಲಿ ಕಬ್ಬಿನ ಗದ್ದೆಯ ಜೇಕಿಗೆ ಅದನ್ನು ಬಳಸುತ್ತಾರೆ. ಗರಿಕೆ ಮತ್ತು ಜಾಯ್ಸಿಯಾ ಹುಲ್ಲುಗಳು ಅದನ್ನು ತಡೆದುಕೊಳ್ಳುತ್ತವೆ. ಆದರೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪ್ರಮಾಣ ಕೇಳಿಕೊಳ್ಳದೆ ಮನೆಯಂಗಳದಲ್ಲಿ ಬಳಸಬೇಡಿ. ನಾನು ಸ್ಕ್ರೂಡ್ರೈವರಿನಿಂದಲೇ ಗೆದ್ದೆ.

ಪ್ರಶ್ನೆ: ಮಳೆಗಾಲದ ನಂತರ ಹುಲ್ಲು ಅಲ್ಲಲ್ಲಿ ಒಣಗಿ, ಎಳೆದರೆ ಚಾಪೆಯಂತೆ ಸುತ್ತಿಕೊಂಡು ಬರುತ್ತಿದೆ. ಹಕ್ಕಿಗಳು ಬಂದು ನೆಲವನ್ನು ಕೆದಕುತ್ತವೆ. (ಕೋಲಾರ)

ಹಕ್ಕಿಗಳು ನಿಮ್ಮ ಪರವಾಗಿವೆ, ಓಡಿಸಬೇಡಿ. ಅಡಿಯಲ್ಲಿರುವುದು ಗೊಣ್ಣೆಹುಳು, ಅಂದರೆ ದುಂಬಿಯ ಮರಿಹುಳು; ಅದು ಬೇರನ್ನು ತಿಂದಿರುವುದರಿಂದ ಹುಲ್ಲಿಗೆ ನೆಲದ ಹಿಡಿತವೇ ಇಲ್ಲ. ಒಣಗಿದ ಭಾಗದ ಅಂಚಿನಲ್ಲಿ ಒಂದು ಚದರ ಅಡಿಯನ್ನು ಚಾಕುವಿನಿಂದ ಮೂರು ಕಡೆ ಕೊಯ್ದು ಮಡಿಚಿ ನೋಡಿ. ಇಂಗ್ಲಿಷಿನ ‘ಸಿ’ ಅಕ್ಷರದಂತೆ ಮುದುಡಿದ, ಕಂದು ತಲೆಯ ಬಿಳಿ ಹುಳುಗಳು ಒಂದೆರಡು ಸಿಕ್ಕರೆ ಚಿಂತೆಯಿಲ್ಲ. ಐದಾರಕ್ಕಿಂತ ಹೆಚ್ಚಿದ್ದರೆ ಕ್ರಮ ಕೈಗೊಳ್ಳಬೇಕು. ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ ತೇವವಿರುವ ನೆಲಕ್ಕೆ ಕೊಡುವುದು ಮನೆಯವರಿಗೂ ಹಕ್ಕಿಗಳಿಗೂ ಅಪಾಯವಿಲ್ಲದ ಉಪಾಯ. ಹಸಿ ಸಗಣಿಯನ್ನಂತೂ ಹುಲ್ಲುಹಾಸಿಗೆ ಎಂದೂ ಹಾಕಬೇಡಿ, ದುಂಬಿಗಳು ಮೊಟ್ಟೆಯಿಡಲು ಅಲ್ಲಿಗೇ ಬರುತ್ತವೆ. ನಮ್ಮ ಮನೆಗೆ ಅಕ್ಟೋಬರ್‌ನಲ್ಲಿ ಒಂದು ಜೋಡಿ ಚಂದ್ರಮುಕುಟ ಹಕ್ಕಿಗಳು ಬಂದು, ಉದ್ದ ಕೊಕ್ಕನ್ನು ಬುಡದವರೆಗೆ ನೆಲಕ್ಕಿಳಿಸಿ, ಹುಳುವನ್ನೆಳೆದು, ಗಾಳಿಗೆ ಚಿಮ್ಮಿ ನುಂಗುತ್ತವೆ. ಆ ಅರ್ಧ ಗಂಟೆ ನಾವು ಗೇಟು ಕೂಡ ತೆರೆಯುವುದಿಲ್ಲ.

ಪ್ರಶ್ನೆ: ಮಾವಿನ ಮರದ ನೆರಳಿನಲ್ಲಿ ಯಾವ ಹುಲ್ಲು ಹಾಕಿದರೂ ನಿಲ್ಲುವುದಿಲ್ಲ. (ಸಾಗರ)

ನಿಲ್ಲುವುದೂ ಇಲ್ಲ. ಗರಿಕೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬಿಸಿಲು ಅಷ್ಟಿಷ್ಟು ತೂರಿ ಬರುವ ಕಡೆ, ಬಫೆಲೋ ಎಂದು ಮಾರುವ ಅಗಲ ಎಲೆಯ ಹುಲ್ಲನ್ನು ಎರಡೂವರೆ ಇಂಚು ಎತ್ತರಕ್ಕೆ ಬಿಟ್ಟು ಬೆಳೆಸಬಹುದು. ಬುಡದ ದಟ್ಟ ನೆರಳಿಗೆ ಒಂದೆಲಗ ಹಾಕಿ. ನಿಮ್ಮ ಊರಿನ ತೇವಕ್ಕೆ ಅದು ತಾನಾಗಿ ಹಬ್ಬುತ್ತದೆ, ತಂಬುಳಿಗೂ ಆಗುತ್ತದೆ.

ಪ್ರಶ್ನೆ: ಡಾಲಸ್ ಬಳಿ ಮನೆ ಕೊಂಡಿದ್ದೇವೆ. ಲಾನಿನಲ್ಲಿರುವುದು ಬರ್ಮುಡಾ ಹುಲ್ಲು ಎನ್ನುತ್ತಾರೆ. ಊರಿನಿಂದ ಬಂದಿರುವ ಅಮ್ಮ ಅದನ್ನು ನೋಡಿ ಗರಿಕೆ ಎನ್ನುತ್ತಿದ್ದಾರೆ. ಗಣಪತಿ ಪೂಜೆಗೆ ಬಳಸಬಹುದೇ? (ಟೆಕ್ಸಾಸ್)

ನಿಮ್ಮ ತಾಯಿಯವರ ಕಣ್ಣು ಸರಿಯಾಗಿದೆ. ಬರ್ಮುಡಾ ಎಂಬ ಹೆಸರು ಹೊತ್ತಿರುವುದು ನಮ್ಮ ಗರಿಕೆಯೇ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಸೈನೊಡಾನ್ ಡ್ಯಾಕ್ಟಿಲಾನ್ ಎಂಬ ಒಂದೇ ಹೆಸರು. ಕೆಲವು ಲಾನುಗಳಲ್ಲಿ ಅದನ್ನು ಆಫ್ರಿಕಾದ ಒಂದು ಸೋದರ ಜಾತಿಯೊಡನೆ ಸಂಕರ ಮಾಡಿದ ತೆಳು ಎಲೆಯ ತಳಿ ಇರುತ್ತದೆ. ಅಲ್ಲಿ ಸಾಮಾನ್ಯವಾಗಿರುವ ಸೇಂಟ್ ಆಗಸ್ಟಿನ್ ಹುಲ್ಲು ಮಾತ್ರ ಬೇರೆಯದು, ಅಗಲ ಎಲೆಯದು, ಅದು ಗರಿಕೆಯಲ್ಲ. ಚಳಿಗಾಲದಲ್ಲಿ ನಿಮ್ಮ ಹುಲ್ಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿ, ಅದು ಮಲಗಿರುತ್ತದೆ. ಚೌತಿಯ ಹೊತ್ತಿಗೆ ಹಸಿರಾಗಿಯೇ ಇರುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಕಳೆನಾಶಕ ಮತ್ತು ಗೊಬ್ಬರ ಕೂಡಿಸಿದ ಹರಳುಗಳನ್ನು ಲಾನಿಗೆ ಹಾಕಿಸುವ ರೂಢಿ ಅಲ್ಲಿದೆ. ಹಾಗೆ ಹಾಕಿದ ಕಡೆಯಿಂದ ಪೂಜೆಗೆ ಕೊಯ್ಯಬೇಡಿ. ಹಿತ್ತಿಲಿನ ಬೇಲಿಯ ಪಕ್ಕ ಎರಡಡಿ ಉದ್ದದ ಪಟ್ಟಿಯೊಂದನ್ನು ವರ್ಷವಿಡೀ ಔಷಧಿಯಿಂದ ದೂರವಿಡಿ, ಹಬ್ಬಕ್ಕೆ ಮೂರು ವಾರ ಮೊದಲಿನಿಂದ ಅದರ ಮೇಲೆ ಯಂತ್ರ ಓಡಿಸಬೇಡಿ. ಕತ್ತರಿಸಿದ ಹುಲ್ಲಿಗೆ ಮೊಂಡು ತುದಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಕತ್ತರಿಸದೆ ಬೆಳೆಯಲು ಬಿಟ್ಟರೆ ಮಾತ್ರ ಮೂರು ಎಸಳಿನ ಎಳೆಯ ಕುಡಿ ಮೂಡುತ್ತದೆ. ಚೌತಿಯ ಬೆಳಿಗ್ಗೆ ಇಪ್ಪತ್ತೊಂದು ಕುಡಿಗಳನ್ನು ಕೊಯ್ಯುವ ಕೆಲಸವನ್ನು ನಿಮ್ಮ ತಾಯಿಯವರಿಗೇ ಬಿಡಿ, ಮಕ್ಕಳನ್ನೂ ಜೊತೆಗೆ ಕಳುಹಿಸಿ.