ಬೀಗ ಹಾಕಿದ ಎರಡು ಟ್ರಂಕು

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡ ಜರಿದಾಗ ನನ್ನ ಗಂಡನ ದೊಡ್ಡಪ್ಪನ ಮಗನ ಮನೆ ಅರ್ಧ ಕುಸಿಯಿತು. ಮಳೆ ನಿಂತ ಮೇಲೆ ಉಳಿದರ್ಧದಿಂದ ಎಳೆದು ತಂದ ಸಾಮಾನನ್ನು ನಮ್ಮ ಕಾಫಿ ಸ್ಟೋರಿನಲ್ಲಿ ಇಟ್ಟರು. ‘ಒಂದೆರಡು ತಿಂಗಳು’ ಅಂದಿದ್ದರು. ಬೀಟೆ ಮರದ ಕಪಾಟು, ಮಂಚ, ಹೊಲಿಗೆ ಮೆಷಿನ್, ತಾಮ್ರದ ಹಂಡೆ, ಬೀಗ ಹಾಕಿದ ಎರಡು ಟ್ರಂಕು. ಅವರಿಗೆ ಜಂಬೂರಿನಲ್ಲಿ ಪುನರ್ವಸತಿ ಮನೆ ಸಿಕ್ಕಿತು, ಸಾಮಾನು ಇಲ್ಲೇ ಉಳಿಯಿತು. ಏಳು ಮಳೆಗಾಲ ಕಳೆಯಿತು. ಈಗ ನನ್ನ ಗಂಡ ಇಲ್ಲ. ತೋಟ ನೋಡಿಕೊಳ್ಳುವ ಮಗನಿಗೆ ಸ್ಟೋರ್ ಬೇಕು. ಕಳೆದ ತಿಂಗಳು, ಆಗಸ್ಟ್‌ನಲ್ಲಿ, ಫೋನ್ ಮಾಡಿದರೆ ಭಾವ ‘ನಿಮಗೂ ನಾವು ಭಾರವಾದೆವಾ?’ ಎಂದು ಕೂಗಿ ಫೋನ್ ಇಟ್ಟರು. ಆಮೇಲೆ ಎತ್ತುತ್ತಲೇ ಇಲ್ಲ. ಮೂರು ವರ್ಷ ದಾಟಿದರೆ ವಸ್ತು ನಮ್ಮದೇ, ಕುಶಾಲನಗರದಿಂದ ಗುಜರಿಯವರನ್ನು ಕರೆಸುತ್ತೇನೆ ಅನ್ನುತ್ತಾನೆ ಮಗ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಸೋಮವಾರಪೇಟೆ ತಾಲ್ಲೂಕು

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಕಣ್ಣಿಗೆ ಬೀಳದ ಒಂದು ಮಾತು ಎರಡನೇ ಸಲ ಬಿತ್ತು. ನೀವು ಫೋನ್ ಮಾಡಿದ್ದು ಆಗಸ್ಟ್ ತಿಂಗಳಲ್ಲಿ.

ಆ ಕಡೆಯವರಿಗೆ ಆಗಸ್ಟ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಸ್ವಾತಂತ್ರ್ಯ ದಿನದ ಆಸುಪಾಸಿನ ಆ ಎರಡು ಮೂರು ದಿನಗಳ ಸದ್ದು ಇನ್ನೂ ಅವರ ಕಿವಿಯಲ್ಲಿದೆ. ಇವತ್ತಿಗೂ ಜೋರು ಮಳೆ ಹಿಡಿದ ರಾತ್ರಿ ದೀಪ ಆರಿಸದೆ ಕೂರುವ ಮನೆಗಳಿವೆ. ಅಂಥ ಹೊತ್ತಿನಲ್ಲಿ ‘ಸಾಮಾನು ತಗೊಂಡು ಹೋಗಿ’ ಅನ್ನುವ ಮಾತು ಅವರಿಗೆ ‘ನೀವು ಹೋಗಿ’ ಅಂತಲೇ ಕೇಳಿಸಿರಬೇಕು. ಭಾವ ಕೂಗಿದ್ದು ನಿಮ್ಮ ಮೇಲಿನ ಸಿಟ್ಟಿಗೆ ಅಂತ ನನಗೆ ಅನಿಸುವುದಿಲ್ಲ. ಹಾಗಂತ ನಿಮ್ಮದು ತಪ್ಪು ಅಂತಲೂ ಹೇಳುತ್ತಿಲ್ಲ. ಯಾರೂ ಕ್ಯಾಲೆಂಡರ್ ನೋಡಿಕೊಂಡು ಫೋನ್ ಮಾಡುವುದಿಲ್ಲ.

ಮೊದಲು ಗುಜರಿಯವರನ್ನು ನಿಲ್ಲಿಸಿ. ಇದನ್ನು ನಿಮ್ಮ ಮಗನಿಗೆ ಓದಿ ಹೇಳಿ. ಇಟ್ಟುಕೊಳ್ಳಲು ಕೊಟ್ಟ ವಸ್ತು ವರ್ಷ ಕಳೆದ ಮಾತ್ರಕ್ಕೆ ಇಟ್ಟುಕೊಂಡವರದ್ದಾಗುವುದಿಲ್ಲ. ಅವನು ಎಲ್ಲೋ ಕೇಳಿದ ‘ಮೂರು ವರ್ಷ’ ಸುಳ್ಳಲ್ಲ, ಆದರೆ ಲೆಕ್ಕ ಬೇರೆ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಇಟ್ಟವರು ಬಂದು ಕೇಳಿ, ನೀವು ಕೊಡುವುದಿಲ್ಲ ಅಂದ ದಿನದಿಂದ ಆ ಮೂರು ವರ್ಷ ಶುರು. ಭಾವ ಕೇಳಿಯೇ ಇಲ್ಲ, ನೀವು ಇಲ್ಲ ಅಂದೂ ಇಲ್ಲ. ಹಾಗಾಗಿ ಗಡಿಯಾರ ಇನ್ನೂ ಓಡಲೇ ಶುರುವಾಗಿಲ್ಲ. ಹಂಡೆಯನ್ನು ತೂಕಕ್ಕೆ ಹಾಕಿದರೆ ನಂಬಿಕೆ ದ್ರೋಹದ ದೂರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ದೂರು ಕೊಡದಿದ್ದರೂ ಮುಂದೆ ಯಾವ ಮದುವೆಮನೆಯಲ್ಲಿ ಅವರ ಎದುರು ಕೂತು ಊಟ ಮಾಡುತ್ತೀರಿ?

ಇನ್ನು ನಿಮ್ಮ ಕಡೆಯ ನ್ಯಾಯ. ಬಾಡಿಗೆ ಇಲ್ಲದೆ ಇಟ್ಟುಕೊಂಡವರೂ ಸಾಮಾನ್ಯ ವಿವೇಕದ ಒಬ್ಬ ಮನುಷ್ಯ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಿದರೆ ಸಾಕು ಅನ್ನುತ್ತದೆ 1872ರ ಕರಾರು ಕಾಯ್ದೆ. ನಮ್ಮ ಥಂಡಿಗೆ ಬೂಷ್ಟು ಬಂದರೆ, ಅಷ್ಟು ಎಚ್ಚರದ ನಂತರವೂ ಮಂಚದ ಕಾಲಿಗೆ ಗೆದ್ದಲು ಹಿಡಿದರೆ, ಅದಕ್ಕೆ ನೀವು ಜವಾಬ್ದಾರರಲ್ಲ. ಅದೇ ಕಾಯ್ದೆಯ 162ನೇ ಸೆಕ್ಷನ್ ನಿಮಗೆ ಗೊತ್ತಿರಬೇಕು: ಬಿಟ್ಟಿಯಾಗಿ ಇಟ್ಟುಕೊಂಡಿದ್ದಾಗ ಇಟ್ಟವರಾಗಲಿ ಇಟ್ಟುಕೊಂಡವರಾಗಲಿ ತೀರಿಕೊಂಡರೆ ಆ ಒಪ್ಪಂದ ಅಲ್ಲಿಗೆ ಮುಗಿಯುತ್ತದೆ. ವಸ್ತು ಅವರದ್ದೇ, ಹಿಂದಿರುಗಿಸುವ ಹೊಣೆ ನಿಮ್ಮದೇ. ಆದರೆ ನಿಮ್ಮ ಯಜಮಾನರು ಅಂದು ಕೊಟ್ಟ ‘ಇರಲಿ ಬಿಡು’ ಅನ್ನುವ ಮಾತನ್ನು ನೀವು ಸಾಯುವವರೆಗೂ ಹೊರಬೇಕು ಅಂತ ಯಾರೂ ಹೇಳಲಾಗದು. ನಿದ್ದೆ ಕೆಡಿಸುತ್ತಿರುವುದು ಇದೇ ಇರಬಹುದು ಅಂತ ನನ್ನ ಊಹೆ. ಸಾಮಾನು ಹೊರಹಾಕಿದರೆ ಅವರ ಮಾತನ್ನೂ ಹೊರಹಾಕಿದ ಹಾಗೆ ಆಗುತ್ತದೇನೋ ಎಂಬ ಅಳುಕು. ಆ ಮಾತಿನ ಬೆಲೆ ಏಳು ಮಳೆಗಾಲ ಉಳಿಯಿತಲ್ಲ ಅಮ್ಮಾ, ಅದು ಕಡಿಮೆಯೇ?

ಮಗ ಕೇಳುವುದರಲ್ಲೂ ಅನ್ಯಾಯವಿಲ್ಲ. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ಕಣದಲ್ಲಿ ಶೇಕಡಾ 10ರ ತೇವಕ್ಕೆ ಇಳಿಸಲು ಅವನು ಪಡುವ ಪಾಡು ನಿಮಗೆ ಗೊತ್ತು. ಹಾಗೆ ಒಣಗಿಸಿದ್ದನ್ನು ಬೂಷ್ಟು ಹಿಡಿದ ಹಾಸಿಗೆ ಸುರುಳಿಯ ಪಕ್ಕ ಪೇರಿಸಿದರೆ ಕಾಫಿ ತೇವವನ್ನೂ ಎಳೆಯುತ್ತದೆ, ವಾಸನೆಯನ್ನೂ ಎಳೆಯುತ್ತದೆ. ಅರೇಬಿಕಾ ಕೊಯ್ಲು ಶುರುವಾಗುವುದರೊಳಗೆ ಸ್ಟೋರ್ ಖಾಲಿ ಆಗಬೇಕು, ಸರಿ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದ ಮೇಲೆ ಮಳೆ ಇಳಿಯುತ್ತದೆ. ಅಲ್ಲಿಂದ ನವೆಂಬರ್ ಕೊಯ್ಲಿನವರೆಗಿನ ಬಿಡುವು ನಿಮಗೆ ಸಿಗುವ ಸಮಯ. ಅದರೊಳಗೆ ಒಂದು ಭಾನುವಾರ ಗೊತ್ತು ಮಾಡಿ.

ಅಲ್ಲಿಯವರೆಗೆ ಮಗನಿಗೆ ಒಂದು ಕೆಲಸ ಕೊಡಿ. ಎಲ್ಲವನ್ನೂ ನೆಲದಿಂದ ಎತ್ತಿ ಇಟ್ಟಿಗೆ ಮೇಲೆ ಇಡಲಿ, ಬಿಸಿಲು ಬಿದ್ದ ದಿನ ಮಂಚ ಕಪಾಟುಗಳನ್ನು ಹೊರಗಿಟ್ಟು ಒರೆಸಲಿ, ಒಂದೊಂದರದ್ದೂ ಫೋಟೊ ತೆಗೆದು ಪಟ್ಟಿ ಬರೆಯಲಿ. ಕೈಯಲ್ಲಿ ಒರೆಸಿದ ವಸ್ತುವನ್ನು ಗುಜರಿ ಅನ್ನಲು ಮನಸ್ಸು ಬರುವುದಿಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಇರುವುದು ಸಾಮಾನ್ಯವಾದ್ದರಿಂದ ಒಂದು ಮಾತು: ಸಾಮಾನಿನ ನಡುವೆ ಕೋವಿ ಏನಾದರೂ ಕಂಡರೆ ಮುಟ್ಟದೆ ಅದೇ ದಿನ ಭಾವನಿಗೂ ಠಾಣೆಗೂ ತಿಳಿಸಿ. ಅದು ಹಂಡೆ ಮಂಚದ ಲೆಕ್ಕಕ್ಕೆ ಬರುವುದಿಲ್ಲ.

ಟ್ರಂಕುಗಳನ್ನು ಮಾತ್ರ ಒಡೆಯಬೇಡಿ. ಒಳಗೆ ಇಲಿ ಸತ್ತಿದೆ ಅನಿಸಿದರೂ ಬೇಡ.

ಆ ವರ್ಷ ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಅನ್ನ ಬಡಿಸಲು ಹೋಗಿದ್ದೆ. ಒಬ್ಬ ಹೆಂಗಸು ತಟ್ಟೆ ಹಿಡಿದ ಕೈಯಲ್ಲೇ ಒಂದು ಬೀಗದ ಕೈ ಗೊಂಚಲು ಹಿಡಿದಿದ್ದರು. ಕೆಳಗಿಡಿ, ಊಟ ಮಾಡಿ ಅಂದೆ. ಇಡಲಿಲ್ಲ. ಮನೆ ಹೋಗಿತ್ತು ಅಂತ ಆಮೇಲೆ ಪಕ್ಕದವರು ಹೇಳಿದರು. ಬಾಗಿಲು ಹೋದ ಮೇಲೂ ಬೀಗದ ಕೈ ಉಳಿದಿತ್ತು, ಅದನ್ನು ಬಿಡಲು ಅವರಿಂದ ಆಗಿರಲಿಲ್ಲ. ನಿಮ್ಮ ಭಾವನವರು ಸಾಮಾನು ಒಯ್ಯದಿರುವುದಕ್ಕೆ ಎರಡು ಕೋಣೆಯ ಮನೆಯಲ್ಲಿ ಬೀಟೆ ಕಪಾಟು ಹಿಡಿಸುವುದಿಲ್ಲ ಎಂಬುದು ಒಂದು ಕಾರಣ ಇರಬಹುದು. ನಿಮ್ಮ ಸ್ಟೋರಿನಲ್ಲಿ ಇರುವವರೆಗೆ ಅವರ ಹಳೆಯ ಮನೆ ಎಲ್ಲೋ ಒಂದು ಕಡೆ ಇನ್ನೂ ಇದೆ ಎಂಬುದು ಇನ್ನೊಂದು. ಅದನ್ನು ಅವರು ಬಾಯಿಬಿಟ್ಟು ಹೇಳಲಾರರು.

ಅದಕ್ಕೇ ಭಾವನಿಗೆ ಮತ್ತೆ ಫೋನ್ ಮಾಡಬೇಡಿ. ಅಕ್ಕನ ಹತ್ತಿರ, ಅಂದರೆ ಅವರ ಹೆಂಡತಿ ಹತ್ತಿರ ಮಾತಾಡಿ. ಸಾಧ್ಯವಾದರೆ ಜಂಬೂರಿಗೇ ಹೋಗಿ. ಎಲ್ಲವನ್ನೂ ಒಯ್ಯಿ ಅನ್ನಬೇಡಿ. ಬಂದು ಒಟ್ಟಿಗೆ ನೋಡೋಣ, ಬೇಕಾದ್ದನ್ನು ಆರಿಸಿ, ಪಿಕಪ್ ನಾವು ಮಾಡಿಸುತ್ತೇವೆ ಅನ್ನಿ. ಅವರ ಮನೆಯಲ್ಲಿ ಹಿಡಿಸದ ಒಂದು ವಸ್ತುವನ್ನು, ಆ ಹಂಡೆಯನ್ನೋ ಕಪಾಟನ್ನೋ, ನಿಮ್ಮ ಮನೆಯೊಳಗೆ ಇಟ್ಟುಕೊಳ್ಳಲು ನಿಮಗೆ ಮನಸ್ಸಿದ್ದರೆ ಹೇಳಿ, ಅವರದ್ದು ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಮನಸ್ಸಿಲ್ಲದಿದ್ದರೆ ಹೇಳಬೇಡಿ. ಇನ್ನೊಂದು ಏಳು ವರ್ಷ ಕೊರಗುವುದು ಬೇಡ.

ಅವರೂ ಒಪ್ಪದಿದ್ದರೆ ಆಗ ಕಾಗದ. ಪಟ್ಟಿ, ಫೋಟೊ, ಒಂದು ತಾರೀಕು, ಅಷ್ಟರೊಳಗೆ ಬಾರದಿದ್ದರೆ ನಾವೇ ನಿಮ್ಮ ಮನೆಗೆ ತಂದು ಇಳಿಸುತ್ತೇವೆ ಎಂಬ ಒಂದು ಸಾಲು. ಸಹಿ ಮಾಡಿ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ. ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು ಆ ತಾರೀಕಿನಂದು ಇಳಿಸಿ ಬನ್ನಿ. ಅಲ್ಲಿಯವರೆಗೆ ಹೋಗಲಿಕ್ಕಿಲ್ಲ ಅಂತ ನನ್ನ ನಂಬಿಕೆ.

ಅಕ್ಕನ ಹತ್ತಿರ ಏನಂತ ಮಾತು ಶುರು ಮಾಡಲಿ ಅಂತ ಈಗ ನೀವು ಯೋಚಿಸುತ್ತಿರಬಹುದು. ಮಕ್ಕಳ ಸುದ್ದಿ ಕೇಳಿ, ಮಳೆ ಸುದ್ದಿ ಬೇಡ. ಆಮೇಲೆ ಮೆಲ್ಲಗೆ, ‘ಅಕ್ಕಾ, ಆ ಟ್ರಂಕಿನ ಬೀಗದ ಕೈ ನಿಮ್ಮ ಹತ್ತಿರ ಇನ್ನೂ ಇದೆಯಾ?’ ಅಂತ ಕೇಳಿ.