ಮೈತುಂಬ ಬಾಣ ನೆಟ್ಟ ಆ ಸಂತ ಯಾರು?

ಪ್ರಶ್ನೆ: ಶಬರಿಮಲೆಯಿಂದ ವಾಪಸ್ ಬರುವಾಗ ನಮ್ಮ ಗುರುಸ್ವಾಮಿಗಳು ಆಲಪ್ಪುಳದ ಕಡೆ ಅರ್ತುಂಕಲ್ ಅನ್ನೋ ಊರಿನ ಚರ್ಚಿಗೆ ಕರೆದುಕೊಂಡು ಹೋದರು. ನಮ್ಮ ಜೊತೆಗಿದ್ದ ಕೆಲವರು ಅಲ್ಲೇ ಮಾಲೆ ತೆಗೆದರು. ಅಲ್ಲೊಂದು ಮೂರ್ತಿ, ಮೈತುಂಬ ಬಾಣ. ಅವರು ಯಾರು? ಅಯ್ಯಪ್ಪನಿಗೂ ಅವರಿಗೂ ಏನು ನಂಟು?
– ಒಬ್ಬ ಓದುಗರು, ಗಂಗಾವತಿ

ಉತ್ತರ: ಅವರು ಸಂತ ಸೆಬಾಸ್ಟಿಯನ್. ರೋಮಿನಲ್ಲಿ ಪ್ರಾಣ ಕೊಟ್ಟವರು, ಮೂರನೇ ಶತಮಾನದ ಕೊನೆಯ ಕಾಲದವರು. ಭಾರತಕ್ಕೆ ಬಂದವರೇ ಅಲ್ಲ. ನೀವು ನೋಡಿದ ಮೂರ್ತಿ ಮಾತ್ರ ಬಂತು, ಇಟಲಿಯ ಮಿಲಾನಿನಲ್ಲಿ ಮಾಡಿಸಿ 1647ರಲ್ಲಿ ಅರ್ತುಂಕಲ್‌ನಲ್ಲಿ ಇಟ್ಟರು ಅಂತ ಅಲ್ಲಿನವರು ಹೇಳುತ್ತಾರೆ.

ಅಯ್ಯಪ್ಪನ ನಂಟಿನ ಕತೆ ಇನ್ನೂ ಸ್ವಾರಸ್ಯ. ಹದಿನಾರನೇ ಶತಮಾನದ ಕೊನೆಗೆ ಆ ಊರಿಗೆ ಜಾಕೊಮೊ ಫೆನಿಸಿಯೊ ಅನ್ನೋ ಇಟಲಿಯ ಜೆಸ್ವಿಟ್ (ಯೇಸು ಸಭೆ ಅನ್ನೋ ಕ್ರೈಸ್ತ ಸಂಘದ) ಪಾದ್ರಿ ಬಂದರು. ಮಲಬಾರಿನ ಹಿಂದೂಗಳ ನಂಬಿಕೆ, ಪುರಾಣಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದವರು ಅವರು. ಜನ ಅವರನ್ನು ವೆಳುತ್ತಚ್ಚನ್, ಅಂದರೆ ಬಿಳಿ ಅಪ್ಪ, ಅಂತ ಕರೆದರು. ಅವರು ಕೇರಳದ ಯುದ್ಧವಿದ್ಯೆ ಕಳರಿ ಕಲಿತರು, ಅಯ್ಯಪ್ಪನಿಗೆ ಗೆಳೆಯರಾದರು ಅಂತೆಲ್ಲ ಕತೆ ಬೆಳೆಯಿತು. ಆಮೇಲೆ ಬಾಣದ ಮೂರ್ತಿ ಬಂತಲ್ಲ, ಬಿಲ್ಲು ಹಿಡಿದ ಅಯ್ಯಪ್ಪ, ಬಾಣ ತಗುಲಿದ ಸಂತ, ಊರವರು ಪ್ರೀತಿಯಿಂದ ನೆನೆಯುವ ಪಾದ್ರಿ, ಮೂವರೂ ಜನರ ಬಾಯಲ್ಲಿ ಒಂದೇ ಕತೆಯೊಳಗೆ ಸೇರಿಕೊಂಡರು. ಕಾಲದ ಲೆಕ್ಕ ಹಾಕಿದರೆ ಇದು ಕೂಡಿಬರೋದಿಲ್ಲ, ಆದರೆ ಭಕ್ತರು ಯಾವತ್ತು ಇಸವಿ ಕೇಳಿದ್ದಾರೆ ಹೇಳಿ! ದಿನಗಳು ಕೂಡ ಹೊಂದುತ್ತವೆ. ಮಕರಜ್ಯೋತಿ ಜನವರಿ 14ರ ಹೊತ್ತಿಗೆ, ಸೆಬಾಸ್ಟಿಯನ್ನರ ಹಬ್ಬ ಜನವರಿ 20ಕ್ಕೆ. ಜ್ಯೋತಿ ನೋಡಿ ಇಳಿದು ಬರೋ ಸ್ವಾಮಿಗಳಿಗೆ ಅಲ್ಲಿ ಜಾತ್ರೆಯೇ ಎದುರಾಗುತ್ತದೆ.

ಪ್ರಶ್ನೆ: ಸೆಬಾಸ್ಟಿಯನ್ನರು ಬಾಣದಿಂದ ಸತ್ತರು ಅಂತ ನಾವು ತಿಳಿದಿದ್ದೆವು. ನಮ್ಮ ಪಕ್ಕದ ಮನೆಯ ಅಜ್ಜಿ ಮಾತ್ರ ಅಲ್ಲ ಅಂತಾರೆ. ಯಾರದು ಸರಿ?
– ಒಬ್ಬ ಓದುಗಿ, ಮಾನ್ವಿ

ಉತ್ತರ: ಅಜ್ಜಿದೇ ಸರಿ. ಹೆಚ್ಚಿನ ಚಿತ್ರಗಳು ಅರ್ಧ ಕತೆಗೇ ನಿಂತುಬಿಡುತ್ತವೆ, ಅದೇ ಎಡವಟ್ಟು.

ಸೆಬಾಸ್ಟಿಯನ್ನರು ರೋಮಿನ ಚಕ್ರವರ್ತಿ ಡಯೋಕ್ಲೀಷಿಯನ್ನನ ಕಾವಲು ಪಡೆಯ ಅಧಿಕಾರಿ. ಕ್ರೈಸ್ತರಾದವರಿಗೆ ಶಿಕ್ಷೆ ಆಗುತ್ತಿದ್ದ ಕಾಲ, ತಾವು ಕ್ರೈಸ್ತರು ಅನ್ನೋದನ್ನು ಮುಚ್ಚಿಟ್ಟಿದ್ದರು. ಅದು ಹೆದರಿಕೆಯಿಂದ ಅಲ್ಲ, ಆ ಉಡುಪಿನಲ್ಲಿದ್ದರೆ ಸೆರೆಮನೆಗೆ ಹೋಗಿ ಬಂದಿಗಳಿಗೆ ಧೈರ್ಯ ಹೇಳಬಹುದಿತ್ತು. ಮಾರ್ಕ್ ಮತ್ತು ಮಾರ್ಸೆಲಿಯನ್ ಅಂತ ಅವಳಿ ಅಣ್ಣತಮ್ಮಂದಿರು ಜೈಲಿನಲ್ಲಿದ್ದರು. ಹೆತ್ತವರು ಬಂದು ಅತ್ತು ಕರೆದು, ದೇವರನ್ನು ಬಿಟ್ಟು ಜೀವ ಉಳಿಸಿಕೊಳ್ಳಿ ಅಂದರು, ಹುಡುಗರ ಮನಸ್ಸು ಕರಗತೊಡಗಿತು. ಆಗ ಸೆಬಾಸ್ಟಿಯನ್ನರು ಎಲ್ಲರೆದುರೇ ಮಾತಾಡಿಬಿಟ್ಟರು. ಗುಟ್ಟು ಹೊರಬಿತ್ತು.

ಚಕ್ರವರ್ತಿ ಬಿಲ್ಲುಗಾರರಿಗೆ ಒಪ್ಪಿಸಿದ. ಮೈಯೆಲ್ಲ ಮುಳ್ಳುಹಂದಿ ಹಾಗಾಯಿತು ಅಂತ ಹಳೆಯ ಕತೆ ಹೇಳುತ್ತದೆ. ಸತ್ತರು ಅಂದುಕೊಂಡು ಬಿಲ್ಲುಗಾರರು ಹೊರಟುಹೋದರು. ರಾತ್ರಿ ಹೆಣ ಹೂಳೋಣ ಅಂತ ಐರೀನ್ ಅನ್ನೋ ವಿಧವೆ ಬಂದಳು, ನೋಡಿದರೆ ಇನ್ನೂ ಉಸಿರಿತ್ತು. ಮನೆಗೆ ಒಯ್ದು ಗಾಯಕ್ಕೆ ಆರೈಕೆ ಮಾಡಿ ಬದುಕಿಸಿದಳು. ಊರು ಬಿಟ್ಟು ಹೋಗು ಅಂತ ಗೆಳೆಯರು ಬೇಡಿಕೊಂಡರು. ಸೆಬಾಸ್ಟಿಯನ್ನರು ಹೋಗಿ ನಿಂತದ್ದು ಎಲ್ಲಿ? ಚಕ್ರವರ್ತಿ ಬರುವ ಮೆಟ್ಟಿಲ ಮೇಲೆ! ನೀನು ಮಾಡುತ್ತಿರೋದು ಅನ್ಯಾಯ ಅಂತ ಮುಖಕ್ಕೇ ಹೇಳಿದರು. ಈ ಸಲ ದೊಣ್ಣೆಯಿಂದ ಹೊಡೆದು ಕೊಂದು, ಹೆಣವನ್ನು ರೋಮಿನ ದೊಡ್ಡ ಚರಂಡಿಗೆ ಎಸೆದರು. ಲೂಸಿನಾ ಅನ್ನೋ ಹೆಂಗಸು ಅದನ್ನು ಎತ್ತಿ ತಂದು ಆಪಿಯನ್ ರಸ್ತೆಯ ನೆಲಮಾಳಿಗೆಯ ಸಮಾಧಿಗಳಲ್ಲಿ ಹೂತಳು. ಈಗ ಅಲ್ಲಿ ಅವರ ಹೆಸರಿನದೇ ಬೆಸಿಲಿಕಾ ಇದೆ. ನನ್ನನ್ನು ಕೇಳಿದರೆ ಅವರ ದೊಡ್ಡತನ ಬಾಣ ತಿಂದದ್ದರಲ್ಲಿ ಅಷ್ಟಿಲ್ಲ, ಬದುಕಿಕೊಂಡ ಮೇಲೂ ವಾಪಸ್ ಹೋದರಲ್ಲ, ಅದರಲ್ಲಿದೆ.

ಪ್ರಶ್ನೆ: ಇದಕ್ಕೆಲ್ಲ ದಾಖಲೆ ಇದೆಯಾ, ಇಲ್ಲಾ ಸುಮ್ನೆ ಕತೆನಾ?
– ಒಬ್ಬ ಓದುಗರು, ಸಿಂಧನೂರು

ಉತ್ತರ: ಅರ್ಧಕ್ಕರ್ಧ. 354ರಲ್ಲಿ ರೋಮಿನಲ್ಲಿ ಪಂಚಾಂಗದಂಥ ಒಂದು ಪುಸ್ತಕ ಸಿದ್ಧವಾಯಿತು. ಅದರಲ್ಲಿ ಅವರ ಹೆಸರು, ಜನವರಿ 20ರ ದಿನ, ಸಮಾಧಿಯ ಜಾಗ ಮೂರೂ ಇವೆ. ಅವರು ಮಿಲಾನಿನ ಕಡೆಯವರು ಅಂತ ಅಲ್ಲಿನ ಬಿಷಪ್ ಸಂತ ಆಂಬ್ರೋಸರು ನಾಲ್ಕನೇ ಶತಮಾನದಲ್ಲೇ ಹೇಳಿದ್ದಾರೆ. ಬಾಣ, ಐರೀನ್, ಮೆಟ್ಟಿಲು ಇವೆಲ್ಲ ಐದನೇ ಶತಮಾನದಲ್ಲಿ ಬರೆದ ಕತೆಯಿಂದ ಬಂದವು. ಇನ್ನೊಂದು ಮಾತು, ರೋಮಿನ ಸಂತ ಪೀಟರರ ಸಂಕೋಲೆಯ ಚರ್ಚಿನಲ್ಲಿ ಏಳನೇ ಶತಮಾನದ ಮೊಸಾಯಿಕ್ (ಬಣ್ಣದ ಚೂರುಗಳನ್ನು ಜೋಡಿಸಿದ) ಚಿತ್ರವಿದೆ. ಅದರಲ್ಲಿ ಸೆಬಾಸ್ಟಿಯನ್ನರಿಗೆ ವಯಸ್ಸಾಗಿದೆ, ಗಡ್ಡ ಇದೆ, ಒಂದು ಬಾಣವೂ ಇಲ್ಲ. ಗಡ್ಡವಿಲ್ಲದ ಚೆಲುವ ಯುವಕನನ್ನಾಗಿ ಮಾಡಿದ್ದು ಆಮೇಲಿನ ಇಟಲಿಯ ಚಿತ್ರಕಾರರು.

ಪ್ರಶ್ನೆ: ರೋಗ ಬಂದರೆ ಈ ಸಂತರಿಗೇ ಯಾಕೆ ಹರಕೆ? ಅವರು ವೈದ್ಯರಲ್ಲವಲ್ಲ?
– ಒಬ್ಬ ಓದುಗರು, ಬಳ್ಳಾರಿ

ಉತ್ತರ: ಪ್ಲೇಗು ಅಂದರೆ ಮೇಲಿಂದ ಬಂದು ತಾಗುವ ಬಾಣ ಅಂತ ಆಗಿನವರ ನಂಬಿಕೆ. ಗ್ರೀಕರ ಅಪೊಲೋ ದೇವರೂ ರೋಗವನ್ನು ಬಾಣದಿಂದಲೇ ಹರಡುತ್ತಿದ್ದ. ಬಾಣ ತಿಂದೂ ಉಳಿದವರನ್ನು ಬಿಟ್ಟು ಇನ್ಯಾರನ್ನು ಬೇಡಿಕೊಳ್ಳೋದು, ಅಲ್ವಾ? 680ರಲ್ಲಿ ಇಟಲಿಯ ಪಾವಿಯಾದಲ್ಲಿ ಪ್ಲೇಗು ಜೋರಾಗಿ, ಸೆಬಾಸ್ಟಿಯನ್ನರ ಹೆಸರಲ್ಲಿ ಬಲಿಪೀಠ ಕಟ್ಟಿದ ಮೇಲೆ ನಿಂತಿತು ಅಂತ ಎಂಟನೇ ಶತಮಾನದ ಚರಿತ್ರೆಕಾರರೊಬ್ಬರು ಬರೆದಿದ್ದಾರೆ. ಅಲ್ಲಿಂದ ಹರಕೆ ಊರೂರಿಗೆ ಹಬ್ಬಿತು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗು ನಮ್ಮ ನಾಡಿಗೂ ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು, ಪ್ಲೇಗಮ್ಮನ ಗುಡಿ ಕಟ್ಟಿದರು. ಹೆದರಿಕೆ ಎಲ್ಲ ಕಡೆ ಒಂದೇ.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಹಬ್ಬದ ದಿನ ಚರ್ಚಿಗೆ ಹೋಗಬಹುದಾ?
– ಒಬ್ಬ ಓದುಗಿ, ಕೊಪ್ಪಳ

ಉತ್ತರ: ಧಾರಾಳವಾಗಿ ಹೋಗಿ. ಮೇಣದಬತ್ತಿ ಹಚ್ಚಿ, ಹರಕೆ ಇದ್ದರೆ ತೀರಿಸಿ, ಬಲಿಪೂಜೆಯ (ಚರ್ಚಿನ ಮುಖ್ಯ ಪೂಜೆಯ) ಹೊತ್ತಿನಲ್ಲಿ ಹಿಂದೆ ಕೂತು ನೋಡಿ. ಪರಮಪ್ರಸಾದದ, ಅಂದರೆ ಫಾದರ್ ಕೊಡುವ ಪವಿತ್ರ ರೊಟ್ಟಿಯ, ಸಾಲಿನಲ್ಲಿ ಮಾತ್ರ ನಿಲ್ಲಬೇಡಿ, ಅದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ. ಆಶೀರ್ವಾದ ಕೇಳಿದರೆ ಫಾದರ್ ಬೇಡ ಅನ್ನೋದಿಲ್ಲ.