ಉತ್ತರ: ಶಾಲೆಯ ಹೊಸ ದಾರಿಗೆ ಮರ ಕಡಿಯುವುದು ಸರಿಯೇ?
ಗೇಟಿನ ಮುಂದಿನ ಕಾರುಗಳ ಸಾಲು ತಪ್ಪಿಸಲು ಶಾಲೆಯ ಹಿಂದಿನ ಮರಗಳನ್ನು ಕಡಿದು ಎರಡನೇ ದಾರಿ ಮಾಡಬಹುದೇ ಅಂತ ಕೇಳಿದ್ದೀರಿ. ನಾನಾದರೆ ಮೊದಲು ಬೇರೆ ಉಪಾಯ ನೋಡುತ್ತೇನೆ. ಈ ದಟ್ಟಣೆ ಬೆಳಿಗ್ಗೆ, ಸಂಜೆ ಸ್ವಲ್ಪ ಹೊತ್ತಿನದು. ತರಗತಿಗಳನ್ನು ಹದಿನೈದು ನಿಮಿಷದ ಅಂತರದಲ್ಲಿ ಬಿಟ್ಟರೆ ಸಾಲು ಎಷ್ಟೋ ಕಡಿಮೆಯಾಗುತ್ತದೆ. ಖರ್ಚೂ ಇಲ್ಲ.

ನಿಂತ ಕಾರುಗಳ ಹೊಗೆಯೂ ಮಕ್ಕಳಿಗೆ ಕೆಟ್ಟದ್ದೇ, ಒಪ್ಪುತ್ತೇನೆ. ಆದರೆ ದಾರಿ ಸಲೀಸಾದರೆ ನಡೆದು ಬರುವವರೂ ಕಾರು ಹತ್ತಬಹುದು, ಅಲ್ವಾ?

ದಾರಿ ಬೇಕೇ ಬೇಕು ಅಂದರೆ ನಕ್ಷೆಯಲ್ಲಿ ಎರಡು ವಿಷಯ ನೋಡಿ. ಒಂದು, ಮಳೆನೀರು. ಡಾಂಬರಿನಲ್ಲಿ ಅದು ಇಂಗುವುದಿಲ್ಲ, ಎಣ್ಣೆ, ಟೈರಿನ ಪುಡಿ ಎಲ್ಲವನ್ನೂ ಹೊತ್ತು ಚರಂಡಿಗೆ ಓಡುತ್ತದೆ. ಅಂಚಿನಲ್ಲಿ ಇಂಗುಗುಂಡಿ ಇರಲಿ. ಇನ್ನೊಂದು, ನಡೆದು ಬರುವ ಮಕ್ಕಳು ಆ ದಾರಿಯನ್ನು ಎಲ್ಲಿ ದಾಟುತ್ತಾರೆ? ಇದಕ್ಕೆ ಉತ್ತರ ಇಲ್ಲದ ನಕ್ಷೆಗೆ ಸಹಿ ಹಾಕಬೇಡಿ.